ಗಿಡ ತೆಗೆಯುವುದು, ಫೋಟೊ ತೆಗೆಯುವುದು

ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಮರವನ್ನು ಮರ ಎಂದು ಕರೆಯುವವರು ಕಡಿಮೆ. ಇಬ್ಬರು ಕೈ ಹಿಡಿದು ನಿಂತರೂ ತೆಕ್ಕೆಗೆ ಸಿಗದ ಹುಣಸೆ ‘ಹುಣಸಿ ಗಿಡ’, ಊರಿಗೆಲ್ಲ ನೆರಳು ಕೊಡುವ ಬೇವು ‘ಬೇವಿನ ಗಿಡ’. ಓದಲು ಹೊರಗೆ ಹೋದ ಮೇಲೆ ಗೆಳೆಯರು ಇದನ್ನು ಹಿಡಿದು ನಕ್ಕಿದ್ದಾರೆ. ನಗಲಿ. ಎಷ್ಟು ಬೆಳೆದರೂ ಗಿಡವೇ ಆಗಿ ಉಳಿಯುವುದರಲ್ಲಿ ಒಂದು ಸಲಿಗೆಯಿದೆ. ಆ ಸಲಿಗೆಯಿಂದಲೇ ಇರಬೇಕು, ನಾವು ಗಿಡವನ್ನು ‘ಕಡಿಯುತ್ತಾರೆ’ ಎಂದೂ ಹೆಚ್ಚಾಗಿ ಹೇಳುವುದಿಲ್ಲ. ರಸ್ತೆ ಅಗಲ ಆಗುವಾಗ ‘ಗಿಡ ತೆಗೀತಾರಂತ’ ಅನ್ನುತ್ತೇವೆ. ಹಲ್ಲು ತೆಗೆಸಿದ ಹಾಗೆ, ಗೋಡೆಯ ಮೊಳೆ ತೆಗೆದ ಹಾಗೆ. ಫೋಟೊವನ್ನೂ ನಾವು ತೆಗೆಯುತ್ತೇವೆ.

ಒಂದೇ ಕ್ರಿಯಾಪದ ಎರಡು ಕಡೆ ಬಂದ ಮಾತ್ರಕ್ಕೆ ಅದರಲ್ಲಿ ತತ್ವ ಹುಡುಕುವುದು ಅಗ್ಗದ ಕೆಲಸ ಎಂದು ನನಗೂ ಗೊತ್ತು. ಆದರೆ ಕಳೆದ ವರ್ಷ ಈ ಎರಡು ತೆಗೆಯುವಿಕೆಗಳೂ ಒಂದೇ ವಾಕ್ಯದಲ್ಲಿ ನನ್ನ ಕಿವಿಗೆ ಬಿದ್ದವು. ‘ಹೆಂಗೂ ಗಿಡ ತೆಗೀತಾರ, ನೀನೊಂದು ಫೋಟೊ ತೆಗೆದು ಇಟ್ಟುಬಿಡು.’ ಹೇಳಿದವರು ಮರದ ಶತ್ರುವಲ್ಲ, ಅದರ ನೆರಳಲ್ಲೇ ದೊಡ್ಡವರಾದವರು. ಹೇಳುವಾಗ ಅವರ ದನಿಯಲ್ಲಿ ನೋವೂ ಇತ್ತು. ನನ್ನನ್ನು ಕಾಡಿದ್ದು ಆ ವಾಕ್ಯದ ಎರಡು ತುದಿಗಳು. ‘ಹೆಂಗೂ’ ಎಂಬಲ್ಲಿ ತೀರ್ಮಾನ ಆಗಿಹೋಗಿದೆ, ‘ಇಟ್ಟುಬಿಡು’ ಎಂಬಲ್ಲಿ ಹೊರೆ ಇಳಿದಿದೆ. ನಡುವೆ ಫೋಟೊ ಇದೆ. ಹಾಗಾದರೆ ನಾನು ತೆಗೆಯುವ ಚಿತ್ರ ಮಾಡುವ ಕೆಲಸವೇನು? ಮರವನ್ನು ನೋಡುವುದೇ, ಅಥವಾ ಅದನ್ನು ಕಡಿಯುವುದಕ್ಕೆ ಮನಸ್ಸನ್ನು ಒಪ್ಪಿಸುವುದೇ?

ನನ್ನ ಹತ್ತಿರ ಇರುವುದು ಯಾಶಿಕಾ ಕಂಪನಿಯ ಹಳೆಯ ಎರಡು ಲೆನ್ಸಿನ ಕ್ಯಾಮೆರಾ. ಒಂದು ಕಾಲಕ್ಕೆ ನಮ್ಮ ಕಡೆಯ ಊರುಗಳ ಸ್ಟುಡಿಯೊಗಳಲ್ಲಿ ಮದುವೆ, ನಾಮಕರಣ, ಶವದ ಪಕ್ಕ ಕೂತ ಬಂಧುಗಳು ಎಲ್ಲವೂ ಇಂಥ ಕ್ಯಾಮೆರಾದಲ್ಲೇ ದಾಖಲಾದವು. ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಅದು ನನಗೆ ಬಂತು. ಇದಕ್ಕೆ ಹಾಕುವ ರೋಲಿಗೆ 120 ಎಂದು ಹೆಸರು. 6 ಸೆಂಟಿಮೀಟರ್ ಅಗಲದ ಈ ಫಿಲ್ಮಿನಲ್ಲಿ ಬರುವುದು 12 ಚೌಕ ಚಿತ್ರ ಮಾತ್ರ. ಒಂದೊಂದು ಚೌಕವೂ ಸಾಮಾನ್ಯ 35 ಎಂಎಂ ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟು ದೊಡ್ಡದು, ಅದಕ್ಕೇ ತೊಗಟೆಯ ಬಿರುಕು, ಅದರೊಳಗಿನ ಇರುವೆ ಸಾಲು, ಎಲೆಯ ಅಂಚು ಎಲ್ಲ ಉಳಿಯುತ್ತವೆ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವ ಹಾಗಿಲ್ಲ. ಹೊಟ್ಟೆಯ ಹತ್ತಿರ ಇಟ್ಟು, ತಲೆ ಬಗ್ಗಿಸಿ ಗಾಜಿನಲ್ಲಿ ನೋಡಬೇಕು. ಅಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಕೊಂಬೆಯನ್ನು ಚೌಕದೊಳಗೆ ತರಲು ಬಲಕ್ಕೆ ಸರಿದರೆ ಅದು ಆಚೆ ಹೋಗುತ್ತದೆ. ಇದು ರೂಢಿಯಾಗಲು ನನಗೆ ನಾಲ್ಕು ರೋಲು ಬೇಕಾಯಿತು.

ಬೆಳಕು ಕಡಿಮೆಯಿದ್ದಾಗ ಫಿಲ್ಮಿಗೆ ಒಂದು ವಿಚಿತ್ರ ಸ್ವಭಾವವಿದೆ. ನಾನು ಬಳಸುವ ಇಲ್ಫೋರ್ಡ್ ಎಚ್‌ಪಿ5 ಫಿಲ್ಮಿನಲ್ಲಿ, ಮೀಟರು 10 ಸೆಕೆಂಡ್ ಎಂದು ತೋರಿಸಿದರೆ 20 ಸೆಕೆಂಡ್ ಕೊಡಬೇಕು. ಕತ್ತಲೆ ಹೆಚ್ಚಿದಷ್ಟೂ ಬೆಳ್ಳಿಯ ಹರಳುಗಳು ಬೆಳಕನ್ನು ಹಿಡಿಯಲು ಸೋಲುತ್ತವೆ, ಲೆಕ್ಕಕ್ಕಿಂತ ಹೆಚ್ಚು ಕಾಯಬೇಕಾಗುತ್ತದೆ. ಹುಣಸೆಯ ಎಲೆಗಳು ರಾತ್ರಿ ಮಡಿಸಿಕೊಂಡು ಬೆಳಗ್ಗೆ ಬಿಚ್ಚಿಕೊಳ್ಳುತ್ತವೆ. ನಸುಕಿನಲ್ಲಿ ಷಟರ್ ತೆರೆದಿಟ್ಟು ನಿಂತರೆ ಕಾಂಡ ಕಲ್ಲಿನ ಹಾಗೆ ಅಚ್ಚಾಗುತ್ತದೆ, ಎಲೆಗಳು ಹೊಗೆಯಂತಾಗುತ್ತವೆ. ಅದು ಗಾಳಿಯ ಕೆಲಸ. ಆದರೂ ಅದೇ ಹೊತ್ತಿಗೆ ಅವು ಬಿಚ್ಚಿಕೊಳ್ಳುತ್ತಲೂ ಇರುತ್ತವೆ ಎಂದು ನೆನಪಾದಾಗ ನನಗೆ ಸುಖವೆನಿಸುತ್ತದೆ.

ಫಿಲ್ಮ್ ಪ್ರಿಯರಲ್ಲಿ ಈ ನಿಧಾನಕ್ಕೇ ಒಂದು ನೈತಿಕತೆಯನ್ನು ಕಟ್ಟುವ ಅಭ್ಯಾಸವಿದೆ. ಮೊಬೈಲಿನಲ್ಲಿ ನೂರು ತೆಗೆಯುವವನು ದೋಚುತ್ತಾನೆ, ಹನ್ನೆರಡೇ ತೆಗೆಯುವವನು ಗೌರವಿಸುತ್ತಾನೆ ಎಂಬಂತೆ. ನನಗೆ ಇದು ಒಪ್ಪಿಗೆಯಿಲ್ಲ. ನಿಧಾನ ತನ್ನಷ್ಟಕ್ಕೆ ಪುಣ್ಯವಲ್ಲ, ಗರಗಸವನ್ನೂ ನಿಧಾನವಾಗಿ ಎಳೆಯಬಹುದು. ಅಲ್ಲದೆ ಫಿಲ್ಮಿನ ಮೇಲಿನ ಬೆಳ್ಳಿ ನಿಂತಿರುವುದು ಜೆಲಟಿನ್ ಎಂಬ ಅಂಟಿನಲ್ಲಿ. ಅದು ಬರುವುದು ದನದ ಮೂಳೆ, ಚರ್ಮದಿಂದ. ಮೊಟ್ಟೆ ಕಂಡರೆ ಮಾರು ದೂರ ಹೋಗುವ ನನ್ನ ಸಂಬಂಧಿಕರು ಮದುವೆಯ ಆಲ್ಬಮ್ಮನ್ನು ದೇವರ ಮನೆಯ ಕಪಾಟಿನಲ್ಲಿ ಇಟ್ಟಿದ್ದಾರೆ, ಅವರಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಕೈ ತೊಳೆದುಕೊಂಡ ಕ್ಯಾಮೆರಾ ಎಂಬುದಿಲ್ಲ ಎಂದಷ್ಟೇ ಇಲ್ಲಿ ನನ್ನ ಮಾತು. ಫಿಲ್ಮಿನಿಂದ ನನಗೆ ಸಿಕ್ಕಿದ್ದು ಬೇರೆ ಒಂದು ಸಣ್ಣ ಲಾಭ. ಹನ್ನೆರಡೇ ಇರುವಾಗ ಯಾವುದನ್ನು ತೆಗೆಯಬಾರದು ಎಂದು ಪ್ರತಿ ಸಲವೂ ಯೋಚಿಸಬೇಕಾಗುತ್ತದೆ.

ಈ ಭಾಗದಲ್ಲಿ ಹಳೆಯ ಮರವೆಂದರೆ ಮೊದಲು ನೆನಪಾಗುವುದು ಪಕ್ಕದ ಹಾವೇರಿ ಜಿಲ್ಲೆಯ ಸವಣೂರು. ಅಲ್ಲಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಮೂರು ಬಾವೊಬಾಬ್ ಮರಗಳಿದ್ದವು. ಆಫ್ರಿಕಾ ಮೂಲದ ಮರ, ಹುಣಸೆಯ ಕುಲವಲ್ಲ. ಹಣ್ಣಿನ ತಿರುಳು ಹುಳಿ, ಗಾತ್ರ ಆನೆಯಷ್ಟು, ಆದ್ದರಿಂದ ನಮ್ಮವರು ‘ದೊಡ್ಡ ಹುಣಸೆ’ ಎಂದು ಕರೆದು ಮನೆಯವರನ್ನಾಗಿ ಮಾಡಿಕೊಂಡರು. ವಯಸ್ಸು ಎರಡು ಸಾವಿರ ವರ್ಷ, ಮೂರು ಸಾವಿರ ವರ್ಷ ಎನ್ನುವವರಿದ್ದಾರೆ. ಆ ಅಂಕಿಗಳನ್ನು ನಾನು ನಂಬುವುದಿಲ್ಲ. ಕಾಂಡ ದಪ್ಪವಾದ ಕೂಡಲೇ ವಯಸ್ಸಿಗೆ ಸೊನ್ನೆ ಸೇರಿಸುವುದು ನಮ್ಮ ಹಳೆಯ ಭಕ್ತಿ. ಆದರೆ ಅವು ಬಹಳ ಹಳೆಯವು ಎಂಬುದಕ್ಕೆ ಯಾರ ಪ್ರಮಾಣಪತ್ರವೂ ಬೇಡ, ಎದುರು ನಿಂತರೆ ಸಾಕು. 2023ರ ಜುಲೈ ಮಳೆಯಲ್ಲಿ ಮೂರರಲ್ಲೊಂದು ಬುಡಸಮೇತ ಉರುಳಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಪ್ರಯತ್ನ ನಡೆಯಿತು. ಆಫ್ರಿಕಾದಲ್ಲೂ ಇದೇ ಸುದ್ದಿ. ಅಲ್ಲಿನ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಮರಗಳು ಹನ್ನೆರಡು ವರ್ಷಗಳ ಅವಧಿಯಲ್ಲಿ ಪೂರ್ತಿಯಾಗಿಯೋ ಭಾಗಶಃವೋ ಸತ್ತವು ಎಂದು ಏಡ್ರಿಯನ್ ಪಟ್ರುಟ್ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದರು.

ಬಾವೊಬಾಬಿನ ಕಟ್ಟಿಗೆ ಮೆತ್ತಗೆ, ನಾರುನಾರು. ತೊಲೆಗೆ ಆಗುವುದಿಲ್ಲ, ಬಾಗಿಲಿಗೆ ಆಗುವುದಿಲ್ಲ. ಚೀನಾದ ತತ್ವಜ್ಞಾನಿ ಚ್ವಾಂಗ್ ತ್ಸು ಹೇಳಿದ ಕತೆಯೊಂದಿದೆ: ಬಡಗಿ ಯಾವುದಕ್ಕೂ ಬಾರದ್ದು ಎಂದು ಬಿಟ್ಟುಹೋದ ಮರವೇ ಪೂರ್ಣ ಆಯುಷ್ಯ ಬದುಕುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್‌ಗೆ ಇದರ ಉಲ್ಟಾ ಆಯಿತು. ಎರಡು ಸಾವಿರ ವರ್ಷ ಬಾಳಬಲ್ಲ, ನೂರು ಮೀಟರು ದಾಟಿ ಬೆಳೆಯಬಲ್ಲ ಮರ. ಹಲಗೆ ನೇರ, ಹುಳ ಹಿಡಿಯದು. ಹೀಗಾಗಿ ಮೂಲ ಕಾಡಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದು ಪಾಲು. ಆ ಐದು ಪಾಲಿನ ಮುಂದೆ ಜಗತ್ತಿನ ಛಾಯಾಗ್ರಾಹಕರು ದೊಡ್ಡ ಕ್ಯಾಮೆರಾ ಹೊತ್ತು ಸಾಲುಗಟ್ಟಿ ನಿಲ್ಲುತ್ತಾರೆ. ಮಂಜು, ಜರೀಗಿಡ, ಕಂಬದಂಥ ಕಾಂಡಗಳು. ಸುಂದರ ಚಿತ್ರಗಳು, ನಾನೂ ಗಂಟೆಗಟ್ಟಲೆ ನೋಡಿದ್ದೇನೆ.

ಅಲ್ಲಿನ ಚರಿತ್ರೆಯನ್ನು ಓದಿದಾಗ ಫೋಟೊ ಮರವನ್ನು ಉಳಿಸುತ್ತದೆಯೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎರಡೂ ಉತ್ತರ ಸಿಗುತ್ತವೆ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬಾತ 18×22 ಅಂಗುಲದ ಗಾಜಿನ ಫಲಕಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಯೊಸೆಮಿಟಿ ಕಣಿವೆಗೆ ಹೋದ. ರೆಡ್‌ವುಡ್‌ನ ಸೋದರಸಂಬಂಧಿಯಾದ ಸಿಕೋಯಾ ಮರಗಳನ್ನೂ ತೆಗೆದ. ಕಣಿವೆಯನ್ನೇ ಕಾಣದ ರಾಜಕಾರಣಿಗಳು ಅವನ್ನು ನೋಡಿದರು. 1864ರ ಜೂನ್ 30ರಂದು ಅಬ್ರಹಾಂ ಲಿಂಕನ್ ಆ ಕಣಿವೆಯನ್ನೂ ಮರಗಳ ತೋಪನ್ನೂ ರಕ್ಷಿಸುವ ಕಾನೂನಿಗೆ ಸಹಿ ಹಾಕಿದಾಗ ವಾಟ್ಕಿನ್ಸನ ಚಿತ್ರಗಳ ಪಾತ್ರವೂ ಅದರಲ್ಲಿತ್ತು ಎನ್ನುತ್ತಾರೆ. ಆದರೆ ಅದಕ್ಕೂ ಮುಂಚೆ, 1854ರಲ್ಲಿ, ‘ಕಾಡಿನ ತಾಯಿ’ ಎಂದು ಹೆಸರಿಟ್ಟ ಇನ್ನೊಂದು ಸಿಕೋಯಾದ ತೊಗಟೆಯನ್ನು ನೂರಡಿಗೂ ಎತ್ತರದವರೆಗೆ ಸುಲಿದು ನ್ಯೂಯಾರ್ಕ್, ಲಂಡನ್‌ಗಳಲ್ಲಿ ಮತ್ತೆ ಜೋಡಿಸಿ ಪ್ರದರ್ಶನಕ್ಕಿಟ್ಟರು. ಜನ ಟಿಕೆಟ್ ಕೊಟ್ಟು ನೋಡಿದರು, ಇತ್ತ ಮರ ಸತ್ತಿತು. ನಮ್ಮ ಕಾಲದಲ್ಲಿ ಹೈಪೀರಿಯನ್ ಎಂಬ ರೆಡ್‌ವುಡ್ ಇದೆ, ಜಗತ್ತಿನ ಅತಿ ಎತ್ತರದ ಮರ, 2006ರಲ್ಲಿ ಪತ್ತೆಯಾದದ್ದು. ಜಾಗವನ್ನು ಗುಟ್ಟಾಗಿಟ್ಟರೂ ಅಂತರ್ಜಾಲದಲ್ಲಿ ಬಯಲಾಯಿತು. ಫೋಟೊಗೆಂದು ಬಂದವರ ಕಾಲ್ತುಳಿತಕ್ಕೆ ಬುಡದ ಜರೀಗಿಡಗಳು ನಾಶವಾದವು. 2022ರಲ್ಲಿ ಅತ್ತ ಹೋದವರಿಗೆ ಆರು ತಿಂಗಳ ಜೈಲು, 5,000 ಡಾಲರ್ ದಂಡ ಎಂದು ಪ್ರಕಟಣೆ ಹೊರಬಿತ್ತು.

ಕರ್ನಾಟಕದಲ್ಲೂ ಕೀರ್ತಿ ಮರಗಳನ್ನು ಕಾಯ್ದದ್ದುಂಟು. ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಮರಗಳಿಗೆ 2019ರಲ್ಲಿ ರಸ್ತೆ ಅಗಲೀಕರಣದ ಭಯ ಬಂದಾಗ ಅವರು ಮುಖ್ಯಮಂತ್ರಿಯವರನ್ನೇ ಕೇಳಿಕೊಂಡರು, ಮರಗಳಿಗೆ ಧಕ್ಕೆಯಿಲ್ಲ ಎಂಬ ಭರವಸೆಯೂ ಸಿಕ್ಕಿತು. ಆ ಮರಗಳ, ಆ ಅಜ್ಜಿಯ ಚಿತ್ರ ಪಠ್ಯಪುಸ್ತಕದಿಂದ ಕ್ಯಾಲೆಂಡರಿನವರೆಗೆ ಎಲ್ಲರ ಕಣ್ಣಲ್ಲಿತ್ತು. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹೆಸರು ಬಂದ ಮರಕ್ಕೆ ಬೇಲಿಯೂ ಬರುತ್ತದೆ. ಹೆಸರಿಲ್ಲದ ಮರದ ಗತಿಯೇನು ಎಂಬುದೇ ನನ್ನ ತಕರಾರು.

ರೆಡ್‌ವುಡ್ ಚಿತ್ರಗಳಲ್ಲಿ ನನ್ನನ್ನು ಕ್ರಮೇಣ ಚುಚ್ಚತೊಡಗಿದ ಸಂಗತಿ ಬೇರೆಯೇ. ಅಲ್ಲಿ ಜನ ಇರುವುದಿಲ್ಲ, ಇದ್ದರೂ ಮರ ಎಷ್ಟು ದೊಡ್ಡದು ಎಂದು ತೋರಿಸುವ ಅಳತೆಕೋಲಾಗಿ ಒಬ್ಬ ನಿಂತಿರುತ್ತಾನೆ. ಮುಟ್ಟದ ಕಾಡು ಎಂಬ ಕಲ್ಪನೆಗೆ ಜನವಿಲ್ಲದ ಚೌಕಟ್ಟು ಬೇಕು. ಯೊಸೆಮಿಟಿ ಅಷ್ಟು ನಿರ್ಜನವಾಗಿ ಕಾಣಲು ಒಂದು ಕಾರಣವಿದೆ. ವಾಟ್ಕಿನ್ಸ್ ಬರುವ ಹತ್ತು ವರ್ಷ ಮೊದಲು, 1851ರಲ್ಲಿ, ಶಸ್ತ್ರಧಾರಿಗಳ ಪಡೆಯೊಂದು ನುಗ್ಗಿ ಅಲ್ಲಿನ ಅಹ್ವಾನೀಚಿ ಜನರನ್ನು ಅವರ ಕಣಿವೆಯಿಂದ ಓಡಿಸಿತ್ತು. ಚಿತ್ರದಲ್ಲಿ ಕಾಣುವ ಆ ಪ್ರಶಾಂತಿಯಲ್ಲಿ ಇದೂ ಸೇರಿದೆ.

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಯಾವ ಹಳೆಯ ಮರವನ್ನೂ ಜನವಿಲ್ಲದೆ ತೆಗೆದರೆ ಅದು ಸುಳ್ಳಾಗುತ್ತದೆ. ಇದು ಕುರುಚಲು ಕಾಡಿನ, ಕರಡಿಗುಡ್ಡಗಳ, ಮೆಕ್ಕೆಜೋಳ, ಶೇಂಗಾ ಹೊಲಗಳ ಬಯಲು. ಇಲ್ಲಿ ದೊಡ್ಡದಾಗಿ ಬೆಳೆದ ಗಿಡವೆಂದರೆ ಯಾರೋ ಬೆಳೆಯಲು ಬಿಟ್ಟದ್ದು. ಗುಡಿಯ ಮುಂದಿನದು ದೇವರ ಹೆಸರಲ್ಲಿ, ಹೊಲದ ಬದುವಿನದು ನೆರಳಿನ ಹೆಸರಲ್ಲಿ, ರಸ್ತೆಯ ಹುಣಸೆ ಹರಾಜಿನ ಹೆಸರಲ್ಲಿ ಉಳಿದವು. ಚ್ವಾಂಗ್ ತ್ಸುವಿನ ಮರಕ್ಕೆ ವಿರುದ್ಧವಾಗಿ ಇವು ಉಪಯೋಗಕ್ಕೆ ಬಂದೇ ಬದುಕಿದವು. ರಸ್ತೆಬದಿಯ ಹುಣಸೆ ವರ್ಷ ವರ್ಷ ಹರಾಜಿಗೆ ಬರುತ್ತಿದ್ದಷ್ಟು ಕಾಲ ಅದಕ್ಕೊಂದು ಕಾಸಿನ ಬೆಲೆಯೂ ಕಾಯುವ ಕಣ್ಣೂ ಇದ್ದವು. ಆ ಹಣ್ಣಿನ ದುಡ್ಡು ರಸ್ತೆಯ ಟೆಂಡರಿನ ಮುಂದೆ ಚಿಲ್ಲರೆಯಾದ ದಿನವೇ ಗಿಡ ‘ಅಡ್ಡ’ವಾಯಿತು.

ಅಡ್ಡವಾದ ಗಿಡಕ್ಕೆ ಬದಲಿಯಾಗಿ ನಮಗೆ ಎರಡು ವಸ್ತು ಸಿಗುತ್ತವೆ: ಸಸಿ ಮತ್ತು ಫೋಟೊ. ಒಂದು ಕಡಿದರೆ ಇಷ್ಟು ನೆಡುತ್ತೇವೆ ಎಂಬ ಭರವಸೆಯ ಬಗ್ಗೆ ತತ್ವಶಾಸ್ತ್ರದಲ್ಲಿ ಒಳ್ಳೆಯ ಚರ್ಚೆ ಆಗಿದೆ. ಆಸ್ಟ್ರೇಲಿಯಾದ ರಾಬರ್ಟ್ ಎಲಿಯಟ್ 1982ರ ಒಂದು ಲೇಖನದಲ್ಲಿ, ನಾಶಪಡಿಸಿದ ನಿಸರ್ಗವನ್ನು ಅಚ್ಚುಕಟ್ಟಾಗಿ ಮತ್ತೆ ಕಟ್ಟಿಕೊಟ್ಟರೂ ಅದು ಶ್ರೇಷ್ಠ ಚಿತ್ರವೊಂದರ ನಕಲಿನಂತೆ, ಹುಟ್ಟಿನ ಚರಿತ್ರೆಯೇ ಬೇರೆಯಾದ್ದರಿಂದ ಬೆಲೆಯೂ ಅದೇ ಆಗುವುದಿಲ್ಲ ಎಂದು ವಾದಿಸಿದ. ಅದಕ್ಕೂ ಮೊದಲು, 1973ರಲ್ಲಿ, ರಿಚರ್ಡ್ ರೌಟ್ಲಿ ಕೇಳಿದ ಪ್ರಶ್ನೆ ಇನ್ನೂ ಖಾರವಾದದ್ದು. ಭೂಮಿಯ ಮೇಲೆ ಕೊನೆಯ ಮನುಷ್ಯ ಒಬ್ಬನೇ ಉಳಿದಿದ್ದಾನೆ, ಸಾಯುವ ಮುನ್ನ ಕೈಲಾದಷ್ಟು ಗಿಡ, ಪ್ರಾಣಿ ಎಲ್ಲವನ್ನೂ ನಾಶ ಮಾಡುತ್ತಾನೆ. ಇದರಿಂದ ಯಾವ ಮನುಷ್ಯನಿಗೂ ನಷ್ಟವಿಲ್ಲ. ಹಾಗಾದರೆ ಅವನು ಮಾಡಿದ್ದು ತಪ್ಪೇ? ತಪ್ಪು ಎಂದು ನಿಮ್ಮ ಮನಸ್ಸು ಹೇಳಿದರೆ, ಮರದ ಬೆಲೆ ನಮ್ಮ ಬಳಕೆಯಲ್ಲಿ ಮುಗಿಯುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ.

ಈ ಪ್ರಯೋಗವನ್ನು ನಾನು ನನ್ನ ಕಸುಬಿಗೆ ತಿರುಗಿಸಿಕೊಂಡಿದ್ದೇನೆ. ಆ ಕೊನೆಯ ಮನುಷ್ಯನ ಕೈಗೆ ಒಂದು ಪರಿಪೂರ್ಣ ಕ್ಯಾಮೆರಾ ಕೊಡೋಣ. ಮರದ ಪ್ರತಿ ಎಲೆ, ಪ್ರತಿ ಬಿರುಕು, ಗಾಳಿಗೆ ಅದು ಓಲಾಡುವ ಬಗೆ ಎಲ್ಲ ಅದರಲ್ಲಿ ಉಳಿಯುತ್ತದೆ ಎಂದುಕೊಳ್ಳೋಣ. ಚಿತ್ರ ತೆಗೆದಾದ ಮೇಲೆ ಕೊಡಲಿ ಎತ್ತಿದರೆ ತಪ್ಪು ಕೂದಲೆಳೆಯಷ್ಟಾದರೂ ಕಡಿಮೆಯಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಕಡಿಮೆಯಾದದ್ದು ಅವನ ಪಶ್ಚಾತ್ತಾಪ ಮಾತ್ರ. ಸಸಿ ಭವಿಷ್ಯದ ಹೆಸರಲ್ಲಿ ಸಮಾಧಾನ ಹೇಳಿದರೆ ಫೋಟೊ ಭೂತದ ಹೆಸರಲ್ಲಿ ಹೇಳುತ್ತದೆ. ಇವೆರಡರ ನಡುವೆ ಈಗ, ಇಲ್ಲಿ, ಹಕ್ಕಿಗೂಡು ಹೊತ್ತು ನಿಂತಿರುವ ಗಿಡ ಯಾರ ಲೆಕ್ಕಕ್ಕೂ ಸಿಗದೆ ಜಾರಿಹೋಗುತ್ತದೆ. ಫೋಟೊದ ಸಾರವೇ ‘ಇದು ಇತ್ತು’ ಎಂಬುದು ಎಂದು ರೋಲಾನ್ ಬಾರ್ತ್ 1980ರಲ್ಲಿ ಬರೆದದ್ದನ್ನು ಓದಿದವರಿಗೆ ಇದು ಹೊಸದಲ್ಲ. ಆದರೆ ಬಾರ್ತ್ ನೋಡುತ್ತಿದ್ದದ್ದು ತೀರಿಹೋದ ತಾಯಿಯ ಚಿತ್ರ. ಬದುಕಿರುವುದಕ್ಕೆ ‘ಇತ್ತು’ ಎಂಬ ಮುದ್ರೆ ಒತ್ತುವುದು ಬೇರೆ ಮಾತು.

ಇದಕ್ಕೆ ಗೆಳತಿಯೊಬ್ಬಳು ಕೊಟ್ಟ ಉತ್ತರ ತಳ್ಳಿಹಾಕುವಂಥದ್ದಲ್ಲ. ‘ನೀನು ತೆಗೆಯದಿದ್ದರೆ ಗಿಡ ಉಳಿಯುತ್ತದಾ? ಗಿಡವೂ ಹೋಯಿತು, ಚಿತ್ರವೂ ಇಲ್ಲ. ನಿನ್ನ ಕೈ ಶುದ್ಧವಾಗಿರಲಿ ಅಂತ ಮುಂದಿನವರು ಯಾಕೆ ಕುರುಡರಾಗಬೇಕು?’ ಎಂದಳು. ನಿಜ. ಸುಮ್ಮನಿರುವುದು ಶುದ್ಧಿಯಲ್ಲ. ಆದ್ದರಿಂದ ತೆಗೆಯಬೇಕೋ ಬೇಡವೋ ಎಂಬಲ್ಲಿ ಪ್ರಶ್ನೆ ನಿಲ್ಲುವುದಿಲ್ಲ. ಚಿತ್ರ ಯಾರ ಕೈಗೆ, ಯಾವಾಗ, ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಕೇಳಬೇಕಾಗುತ್ತದೆ.

ನಮ್ಮ ಕಡೆಯ ಒಂದು ರಸ್ತೆಯಲ್ಲಿ ಈಗ ಹುಣಸೆ ಗಿಡಗಳಿಗೆ ಬಣ್ಣದಲ್ಲಿ ನಂಬರು ಬಿದ್ದಿವೆ. ಮೊದಲು ಹೇಳಿದ ಆ ವಾಕ್ಯ ಬಂದದ್ದೂ ಅಲ್ಲಿಂದಲೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ 50ಕ್ಕೂ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪ ಕೇಳಬೇಕು. ಒಳ್ಳೆಯ ನಿಯಮ, ಆದರೆ ಅದು ಎಣಿಸುವುದು ತಲೆಯನ್ನು. ಎಂಬತ್ತು ವರ್ಷದ ಹುಣಸೆಯೂ ಒಂದು, ಎಂಟು ವರ್ಷದ ಬೇವೂ ಒಂದು. ನಾನು ಆ ಸಾಲಿನ ಮೇಲೆ ನಾಲ್ಕು ರೋಲು ಕಳೆದಿದ್ದೇನೆ, ಅಂದರೆ 48 ಚಿತ್ರ. ಪ್ರತಿ ಗಿಡದ ಎದೆಮಟ್ಟದ ಸುತ್ತಳತೆಯನ್ನು ಟೇಪು ಹಿಡಿದು ಬರೆದುಕೊಂಡಿದ್ದೇನೆ. ಚಿತ್ರ ಸುಂದರವಾಗಲಿ ಎಂದು ನಂಬರನ್ನು ಮರೆಮಾಡಿಲ್ಲ. ಆಕ್ಷೇಪ ಬರೆದವರು ಕೇಳಿದರು, ಅವರ ಅರ್ಜಿಯ ಜೊತೆ ಹೋಗಿವೆ. ರಸ್ತೆಗೆ ಸಂಬಂಧಿಸಿದ ಒಬ್ಬರು ಒಂದನ್ನು ದೊಡ್ಡದು ಮಾಡಿಸಿ ಕೊಟ್ಟರೆ ಕಚೇರಿಯಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕುತ್ತೇವೆ, ಕೆಳಗೆ ನಿಮ್ಮ ಹೆಸರೂ ಹಾಕುತ್ತೇವೆ ಎಂದರು. ಗಿಡ ನಿಂತಿರುವಷ್ಟು ದಿನ ಕೊಡುವುದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಬೇಸರವೂ ಆಯಿತು. ಮನುಷ್ಯ ಒಳ್ಳೆಯವರೇ.

ಆ ಸಾಲಿನ ಒಂದು ಗಿಡದ ಬುಡದಲ್ಲಿ ಚಹಾ ಅಂಗಡಿಯಿದೆ. ಅಂಗಡಿಯೆಂದರೆ ಒಂದು ತಳ್ಳುಗಾಡಿ, ಕೊಂಬೆಗೆ ಕಟ್ಟಿದ ತಾಡಪಾಲು. ಗಿಡ ಹೋದರೆ ಅಕ್ಕನ ನೆರಳೂ ಜಾಗವೂ ಒಟ್ಟಿಗೇ ಹೋಗುತ್ತವೆ. ಅವರಿಗೆ ಒಂದು ಚಿತ್ರ ಬೇಕಾಗಿತ್ತು.

‘ಗಿಡದ್ದಾ ಅಕ್ಕಾ?’ ಎಂದೆ.

‘ಬರೇ ಗಿಡ ತಗೊಂಡು ನಾನೇನ್ ಮಾಡ್ಲಿ ತಮ್ಮಾ? ನಾನೂ ಇರ್ಬೇಕು, ಗಾಡಿನೂ ಇರ್ಬೇಕು.’

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಏರ್ಪಾಡಿದೆ. ಅಲ್ಲಿ ತೋರಿಸಲು, ತಾನು ಇಂಥ ಕಡೆಯೇ ಕೂರುತ್ತೇನೆ ಎನ್ನುವುದಕ್ಕೆ ಅವರಿಗೆ ಗುರುತು ಬೇಕಿತ್ತು. ನಸುಕಿನ ಬೆಳಕಾದ್ದರಿಂದ ಎರಡು ಸೆಕೆಂಡ್ ಅಲುಗಾಡಬೇಡಿ ಎಂದೆ. ಅವರು ಉಸಿರು ಬಿಗಿಹಿಡಿದು ನಿಂತರು, ಪಾತ್ರೆಯಲ್ಲಿ ಚಹಾ ಉಕ್ಕಿತು. ಚಿತ್ರದಲ್ಲಿ ಅವರು, ಗಾಡಿ, ಕಾಂಡ ಸ್ಪಷ್ಟವಾಗಿವೆ, ಉಕ್ಕಿದ ಚಹಾ ಮಾತ್ರ ಬಿಳಿ ಮಸುಕು.

ಪ್ರಿಂಟು ತೆಗೆದುಕೊಂಡು ಹೋದಾಗ ಅವರು ತೊಗಟೆಯನ್ನು ನೋಡಲಿಲ್ಲ, ತಮ್ಮ ಮುಖವನ್ನೂ ನೋಡಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದು, ‘ನಂಬರ್ ಕಾಣ್ತೈತೇನು?’ ಎಂದು ಕೇಳಿದರು. ಕಾಣುತ್ತಿತ್ತು. ಪಡಿತರ ಚೀಟಿ ಇಟ್ಟಿದ್ದ ಪ್ಲಾಸ್ಟಿಕ್ ಚೀಲದೊಳಗೆ ಅದನ್ನೂ ಸೇರಿಸಿದರು. ಇನ್ನೊಂದು ಬೇಕು, ಮಧ್ಯಾಹ್ನದ್ದು, ಗಿರಾಕಿ ಕೂತಿರುವಾಗ ತೆಗೆ ಎಂದಿದ್ದಾರೆ. ರೋಲಿನಲ್ಲಿ ಮೂರು ಚಿತ್ರ ಉಳಿದಿವೆ.